ಸಿಮೆಂಟ್ ಕಣದ ಗೋಲ್‌ಕೀಪರ್

ಕೈ ಮುರಿದದ್ದು ಕಾವೇರಿಯದು. ಕೋಚ್‌ನನ್ನು ಆರಿಸಿದವರು ನಾವು, ತಂದೆತಾಯಂದಿರು. ನಮಗಾಗಲಿ ನಮ್ಮ ಮಕ್ಕಳಿಗಾಗಲಿ ಏನೂ ಆಗಲಿಲ್ಲ.

ಕಾವೇರಿಗೆ ಹನ್ನೆರಡು ವರ್ಷ. ನಮ್ಮ ಪಕ್ಕದ ಎಸ್ಟೇಟಿನಲ್ಲಿ ಕೆಲಸ ಮಾಡುವ, ಅಲ್ಲಿಯ ಆಳುಗಳ ಲೈನ್ ಮನೆಯಲ್ಲಿರುವ ಸರಸುವಿನ ಮಗಳು. ಬಣಕಲ್ ಸುತ್ತಮುತ್ತಲ ಮಕ್ಕಳ ಫುಟ್‌ಬಾಲ್ ತಂಡದ ಗೋಲ್‌ಕೀಪರ್. (ಹೌದು, ಹುಡುಗಿಯೇ. ಹುಬ್ಬೇರಿಸಿದವರು ಇಳಿಸಿಕೊಂಡು ಮುಂದೆ ಓದಬೇಕು.)

ಈ ವರ್ಷ ಟಿ.ವಿ.ಯಲ್ಲಿ ವಿಶ್ವಕಪ್ ನೋಡಿದ ಮಕ್ಕಳು ತಮಗೂ ತಂಡ ಬೇಕೆಂದರು. ನಾವು ಹತ್ತು ಮಂದಿ ಪೋಷಕರು ಸಮಿತಿ ಮಾಡಿಕೊಂಡು ಕೋಚ್ ಹುಡುಕಲು ಕುಳಿತೆವು. ಬಂದವರು ಇಬ್ಬರು.

ಒಬ್ಬ, ಆಲ್ದೂರಿನ ಶಾಲೆಯೊಂದರಲ್ಲಿ ಪಾಠ ಮಾಡುವ ತರುಣ. ಕಾಲೇಜು ತಂಡಕ್ಕೆ ಆಡಿದವನು. ಮೆಲು ದನಿ. ನಾವು ಕೇಳುವುದಕ್ಕಿಂತ ಹೆಚ್ಚು ಆತನೇ ಕೇಳಿದ. ಮಕ್ಕಳ ವಯಸ್ಸೆಷ್ಟು, ಗ್ರೌಂಡಿನಲ್ಲಿ ಹುಲ್ಲಿದೆಯೇ, ಯಾರಿಗಾದರೂ ಪೆಟ್ಟಾದರೆ ಡಾಕ್ಟರ್ ಎಷ್ಟು ದೂರ? ಇಷ್ಟೊಂದು ಅನುಮಾನ ಇರುವವನು ಏನು ಕಲಿಸಿಯಾನು ಎಂದು ನಮಗೆ ಅನ್ನಿಸಿತು.

ಇನ್ನೊಬ್ಬರು ರುದ್ರೇಶ್. ಹರೆಯದಲ್ಲಿ ಒಂದಷ್ಟು ಫುಟ್‌ಬಾಲ್ ಆಡಿದ್ದರು. ಆನಂತರ ದೊಡ್ಡ ಎಸ್ಟೇಟೊಂದರಲ್ಲಿ ಇಪ್ಪತ್ತು ವರ್ಷ ರೈಟರ್, ಅಂದರೆ ಆಳುಗಳ ಹಾಜರಿ ಹಾಕಿ ಕೆಲಸ ತೆಗೆಸುವವರು. ಈ ಗುಡ್ಡದಲ್ಲಿ ನಿಂತು ಕೂಗಿದರೆ ಆ ಗುಡ್ಡದಲ್ಲಿ ಕೂತವರು ಎದ್ದು ನಿಲ್ಲಬೇಕು, ಅಂಥ ಗಂಟಲು.

‘ಎಪ್ಪತ್ತು ಆಳು ನಿಭಾಯ್ಸಿದವ್ರಿಗೆ ಹದಿನೈದು ಮಕ್ಳು ಯಾವ ಲೆಕ್ಕ ಮಾರಾಯ್ರೇ?’ ಎಂದರು ನಮ್ಮ ಅಧ್ಯಕ್ಷರು. ಎಲ್ಲರೂ ನಕ್ಕೆವು. ಆಯ್ಕೆ ಮುಗಿಯಿತು.

ನಮ್ಮ ಮೊದಲ ತಪ್ಪು ಇದು. ಎಸ್ಟೇಟಿಗೆ ಮೇಲ್ವಿಚಾರಕನನ್ನು ಗೊತ್ತುಮಾಡುವ ರೀತಿಯಲ್ಲೇ ನಾವು ಮಕ್ಕಳಿಗೆ ಕೋಚ್ ಗೊತ್ತುಮಾಡಿದೆವು. ಗದರಿಸುತ್ತಾರೆಯೇ? ಮಕ್ಕಳು ಹೆದರುತ್ತಾರೆಯೇ? ಸಮಯಕ್ಕೆ ಬರುತ್ತಾರೆಯೇ? ಇಷ್ಟೇ ನಮ್ಮ ಪ್ರಶ್ನೆಗಳು. ಬಿದ್ದ ಮಗುವಿನ ಹತ್ತಿರ ಈ ಮನುಷ್ಯ ಹೋಗುತ್ತಾರೆಯೇ, ನಿಂತಲ್ಲಿಂದಲೇ ಕೂಗುತ್ತಾರೆಯೇ ಎಂದು ಒಬ್ಬರೂ ಕೇಳಲಿಲ್ಲ. ಕಾಫಿ ಗಿಡ ಕೊಳ್ಳುವಾಗ ಬೇರು ನೋಡುವ ಜನ ನಾವು!

ಮಳೆಗೆ ಶಾಲೆಯ ಮೈದಾನ ಕೆಸರಾಯಿತು. ಕೋಚ್ ಒಂದು ದಾರಿ ಕಂಡುಕೊಂಡರು. ಕಾಫಿ ಒಣಗಿಸುವ ಸಿಮೆಂಟ್ ಕಣ ಕೊಯ್ಲು ಬರುವವರೆಗೆ ಖಾಲಿ ಬಿದ್ದಿರುತ್ತದಲ್ಲ, ಮಳೆ ಬಿಟ್ಟಾಗಲೆಲ್ಲ ಆಟ ಅಲ್ಲಿಗೆ ವರ್ಗವಾಯಿತು. ಎಂಥ ಉಪಾಯ ಎಂದು ಹೊಗಳಿದೆವು. ಆ ಸಿಮೆಂಟಿನ ಮೇಲೆ ಡೈವ್ ಹೊಡೆಯಬೇಕಾದವರು ಯಾರು ಎಂದು ಯೋಚಿಸಲಿಲ್ಲ.

ಗೋಲಿಗೆ ಎಲ್ಲರೂ ಸರದಿಯಂತೆ ನಿಲ್ಲುತ್ತಾರೆ ಎಂದು ನಮಗೆ ಹೇಳಲಾಗಿತ್ತು. ಯಾವಾಗ ನೋಡಿದರೂ ಕಾವೇರಿಯೇ ನಿಂತಿರುತ್ತಿದ್ದಳು. ಒಮ್ಮೆ ನನ್ನ ಮಗನನ್ನು ಕೇಳಿದ್ದೆ. ‘ಗೋಲಿಗೆ ನಿಂತ್ರೆ ಮಂಡಿ ಎಲ್ಲ ತರಚತ್ತಮ್ಮ. ಕಾವೇರಿಗೆ ಅಭ್ಯಾಸ ಇದೆ’ ಎಂದ. ಹತ್ತು ವರ್ಷದ ಹುಡುಗನಿಗೆ ಈ ಮಾತು ಎಲ್ಲಿಂದ ಬಂತು? ಅವನಿಗೆ ಸಮಾನತೆಯ ಪಾಠ ಹೇಳುತ್ತ ಬೆಳೆಸಿದೆನೆಂದು ಬೀಗುತ್ತಿದ್ದ ನಾನು ಅಂದು ಅವನನ್ನು ತಿದ್ದಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಪೋಷಕರೆಲ್ಲ ಆಟ ನೋಡಲು ಹೋಗಿದ್ದೆವು. ಅಂದು ಗೋಲಿಗೆ ನಿಲ್ಲುವ ಸರದಿ ನನ್ನ ಮಗನದು. ಅವನು ಹೊರಟದ್ದನ್ನು ಕಂಡು ಕೋಚ್ ಕೈ ಹಿಡಿದು ನಿಲ್ಲಿಸಿದರು. ‘ನೀನು ಮುಂದೆ ಆಡು ಮಾರಾಯ. ನಿನ್ ಮಂಡಿ ತರಚಿದ್ರೆ ನಿಮ್ಮನೆಯವ್ರ ಹತ್ರ ಬೈಸ್ಕೊಳ್ಳೋನು ನಾನು’ ಎಂದು ನಗುತ್ತಲೇ ಹೇಳಿ ಕಾವೇರಿಯನ್ನು ಕಳಿಸಿದರು. ನಾನು ಐದು ಮಾರು ದೂರದಲ್ಲಿದ್ದೆ. ಕೇಳಿಸಿತು.

ಸ್ವಲ್ಪ ಹೊತ್ತಿಗೆ ಚೆಂಡು ಬಲ ಮೂಲೆಗೆ ಬಂತು. ‘ಬೀಳು, ಬೀಳು’ ಎಂದು ಕೋಚ್ ಕೂಗಿದರು. ಅವಳು ಬಿದ್ದಳು. ಚೆಂಡು ತಡೆದಳು. ಎದ್ದಾಗ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ‘ನಾಟಕ ಬೇಡ, ನಿಂತ್ಕೋ’ ಎಂಬ ಆಜ್ಞೆ ಬಂತು. ಅವಳು ಮುಂದಿನ ಅರ್ಧ ಗಂಟೆ ಎಡಗೈಯಲ್ಲಿ, ಕಾಲಲ್ಲಿ, ಎದೆಯಲ್ಲಿ ಗೋಲು ಕಾಯ್ದಳು. ನಾವೇನು ಮಾಡಿದೆವು? ಚಪ್ಪಾಳೆ ತಟ್ಟಿದೆವು. ಎಂಥ ಗಟ್ಟಿ ಹುಡುಗಿ ಎಂದೆವು. ತಟ್ಟಿದ ಕೈಗಳಲ್ಲಿ ನನ್ನವೂ ಎರಡಿದ್ದವು.

ಮೂರನೆಯ ದಿನ ಸರಸು ಮಗಳನ್ನು ನಮ್ಮಲ್ಲಿಗೆ ಕರೆತಂದಳು. ಮಣಿಕಟ್ಟು ಬಾತುಕೊಂಡಿತ್ತು. ಮೂಡಿಗೆರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಾಗ ಎರಡು ಕಡೆ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಅವಳು ಬರೆಯುವುದೂ ಅದೇ ಕೈಯಲ್ಲಿ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೇಳಿದ್ರೆ ಟೀಮಿಂದ ತೆಗಿತಾರೆ ಅಂತ ಅಳ್ತಿದ್ಲು ಅಮ್ಮೋರೇ’ ಎಂದಳು ಸರಸು.

ಆ ಮಗುವಿನ ಭಯ ಸುಳ್ಳಾಗಲಿಲ್ಲ. ಕಳೆದ ಭಾನುವಾರ ಸಮಿತಿ ಸೇರಿ ಎರಡು ತೀರ್ಮಾನ ಮಾಡಿತು. ರುದ್ರೇಶ್ ಮುಂದುವರಿಯುತ್ತಾರೆ. ಕಾವೇರಿಯನ್ನು ‘ಅವಳ ಒಳ್ಳೆಯದಕ್ಕೇ’ ಕೈಬಿಡಲಾಗುತ್ತದೆ. ಹೆಣ್ಣು ಮಗು, ನಾಳೆ ಇನ್ನೊಂದಾದರೆ ನಮ್ಮ ತಲೆಗೆ ಬರುತ್ತದೆ ಎಂದರು ಅಧ್ಯಕ್ಷರು. ನಾನು ವಿರೋಧಿಸಿದೆ. ನನ್ನದು ಒಂಟಿ ದನಿಯಾಯಿತು. ‘ಅವ್ರಿಂದ ಶಿಸ್ತು ಬಂದಿದೆ, ಅದನ್ನೂ ನೋಡ್ಬೇಕಲ್ಲ ಮೇಡಂ’ ಎಂದರು ಒಬ್ಬರು. ಗಾಯಗೊಂಡವಳಿಗೆ ಶಿಕ್ಷೆ, ಗಾಯ ಮಾಡಿಸಿದವರಿಗೆ ಮುಂದುವರಿಕೆ. ಇದು ಶಿಸ್ತೇ? ಮಗು ನೋವನ್ನು ಬಚ್ಚಿಡುವಂತೆ ಮಾಡುವುದಕ್ಕೆ ನನಗೆ ಗೊತ್ತಿರುವ ಕನ್ನಡದಲ್ಲಿ ಬೇರೆ ಹೆಸರಿದೆ. ಅದು ಕ್ರೌರ್ಯ.

ರುದ್ರೇಶ್ ಒಬ್ಬರನ್ನೇ ದೂರಿ ನಾವು ಪಾರಾಗುವಂತಿಲ್ಲ. ಅವರು ಇಪ್ಪತ್ತು ವರ್ಷ ಯಾವ ಕೆಲಸಕ್ಕೆ ಮೆಚ್ಚುಗೆ ಪಡೆದರೋ ಅದನ್ನೇ ನಮ್ಮ ಮಕ್ಕಳ ಮೇಲೆ ಮಾಡಿದರು. ಯಾರ ಮಕ್ಕಳಿಗೆ ನೋವಾದರೆ ಕೇಳುವವರಿದ್ದಾರೆ, ಯಾರ ಮಕ್ಕಳಿಗಾದರೆ ಇಲ್ಲ ಎಂಬ ಲೆಕ್ಕ ಅವರಿಗೆ ಸರಿಯಾಗಿ ಗೊತ್ತಿತ್ತು. ಆ ಲೆಕ್ಕ ಕಲಿಸಿದವರು ನಾವಲ್ಲದೆ ಇನ್ಯಾರು?

ಮೊನ್ನೆ ಕಾವೇರಿಯನ್ನು ನೋಡಲು ಹೋಗಿದ್ದೆ. ಗೋಲಿಗೆ ನಿಲ್ಲುವುದೆಂದರೆ ಅಷ್ಟು ಇಷ್ಟವೇ ಎಂದು ಕೇಳಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು.

‘ಇಲ್ಲ ಅಮ್ಮೋರೇ. ನಂಗೆ ಗೋಲ್ ಹೊಡೀಬೇಕು. ಒಂದ್ಸಲಾನೂ ಚೆಂಡು ಕೊಟ್ಟಿಲ್ಲ.’

ಸಮಿತಿಯ ಅಧ್ಯಕ್ಷರೇ, ಸದಸ್ಯರೇ, ನಿಮ್ಮ ಎರಡೂ ತೀರ್ಮಾನಗಳನ್ನು ಈ ವಾರವೇ ಹಿಂತೆಗೆದುಕೊಳ್ಳಿ. ಆಲ್ದೂರಿನ ಆ ತರುಣನ ಮನೆಗೆ ಹೋಗಿ, ಆತ ಅಂದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕರೆತನ್ನಿ. ಡಿಸೆಂಬರಿನಲ್ಲಿ ನಮ್ಮ ಮಕ್ಕಳು ಆಡಲಿರುವ ಪಂದ್ಯದಲ್ಲಿ, ಹುಲ್ಲಿನ ಮೇಲೆ, ಡಾಕ್ಟರ್ ಒಪ್ಪಿದರೆ, ಕಾವೇರಿಯನ್ನು ಮುಂದೆ ಆಡಿಸಿ. ಗೋಲಿಗೆ ನನ್ನ ಮಗನನ್ನು ನಿಲ್ಲಿಸಿ.