ದೇವರ ಮುಂದಿನ ತೆನೆ

ನಾನು ಓದಿದ್ದು ಎರಡನೆಯ ತರಗತಿಯವರೆಗೆ. ತಂಗಿ ಅಷ್ಟೂ ಓದಲಿಲ್ಲ. ಆದರೂ ದುರ್ಗದ ವಸ್ತುಪ್ರದರ್ಶನದಲ್ಲಿ, ಪೇಟ ಸುತ್ತಿದ ಅಧಿಕಾರಿಗಳ ಎದುರು ನಿಂತು ಜೋಳದ ರೋಗದ ವಿಷಯ ಹೇಳಿದವಳು ಅವಳು. ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಅದರ ಬೆನ್ನಿಗೇ ನನ್ನ ತಪ್ಪೂ ನೆನಪಾಗುತ್ತದೆ.

ರಾಮಗಿರಿ ಹತ್ತಿರದ ನಮ್ಮ ಹೊಲದಲ್ಲಿ ವರ್ಷವೂ ಜೋಳಕ್ಕೆ ಕಾಡಿಗೆ ರೋಗ ಬರುತ್ತಿತ್ತು. ಕಾಳಿರಬೇಕಾದಲ್ಲಿ ಕಪ್ಪು ಪುಡಿ. ದೃಷ್ಟಿ ತಗುಲಿದೆ ಎಂದುಕೊಂಡಿದ್ದೆವು. ಬೇಸಾಯದ ಇಲಾಖೆಯವರು ಹೊಳಲ್ಕೆರೆಯಲ್ಲಿ ಡೇರೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಆ ಕಪ್ಪು ಪುಡಿ ತೋರಿಸಿದ ದಿನ, ನಾನು ಒಂದು ಕಣ್ಣು ಮುಚ್ಚಲು ಬಾರದೆ ನನ್ನದೇ ರೆಪ್ಪೆಗೂದಲು ನೋಡಿ ಬಂದೆ. ತಂಗಿ ಬಗ್ಗಿದವಳು ಏಳಲೇ ಇಲ್ಲ.

"ಅಂಥಾದ್ದೇನ್ ಕಾಣ್ತೈತವ್ವಾ?" ಎಂದು ಹಿಂದಿದ್ದವನು ಅವಸರ ಮಾಡಿದ.

"ಇದು ಬರೀ ಪುಡಿ ಅಲ್ಲ ಕಣ್ರಿ. ಒಂದೊಂದೂ ದುಂಡಗೆ ಬೀಜ ಇದ್ದಂಗೈತೆ."

ಅಧಿಕಾರಿ ಅವಳತ್ತ ತಿರುಗಿದರು. ಮೈಲುತುತ್ತವೆಂಬ ನೀಲಿ ಔಷಧಿಯ ಪೊಟ್ಟಣ ಕೊಟ್ಟು, ನೀರಲ್ಲಿ ಕರಗಿಸಿ ಬೀಜ ನೆನೆಸಿ ಒಣಗಿಸಿ ಎಂದರು. ಅರ್ಧ ಹೊಲಕ್ಕೆ ಆ ಬೀಜ, ಇನ್ನರ್ಧಕ್ಕೆ ಎಂದಿನದು. ಎರಡರ ತೆನೆಯನ್ನೂ ದುರ್ಗದ ಪ್ರದರ್ಶನಕ್ಕೆ ತರಬೇಕು. ಔಷಧಿ ಹಾಕಿದ ಕಡೆ ಕಾಡಿಗೆ ಬರುವುದಿಲ್ಲವೆಂದು ತಂಗಿ ಊರಿಗೆಲ್ಲ ಮಾತು ಕೊಟ್ಟಳು.

ಬಿತ್ತುವ ಬೆಳಿಗ್ಗೆ, ದೇವರ ಮುಂದೆ ವರ್ಷವಿಡೀ ತೂಗಿದ ಹಳೆಯ ತೆನೆಯನ್ನು ಇಳಿಸಿ ಬೀಜದ ಪುಟ್ಟಿಯ ಮೇಲೆ ಉಜ್ಜುವುದು ನಮ್ಮ ಮನೆಯ ರೂಢಿ. "ಅಣ್ಣಾ, ಔಷಧಿ ಬೀಜಕ್ಕೆ ಈ ಸಲ ಏನೂ ಸೋಕಿಸಬ್ಯಾಡ," ಎಂದಿದ್ದಳು. ಹೂಂ ಎಂದಿದ್ದೆ. ಅವಳು ಎತ್ತಿಗೆ ನೀರು ಕುಡಿಸಲು ಹೋದಾಗ, ದೇವರ ತೆನೆ ಸೋಕದ ಬೀಜವನ್ನು ಹೊಲಕ್ಕೆ ಒಯ್ಯಲು ಮನಸ್ಸು ಬರಲಿಲ್ಲ. ಉಜ್ಜಿಬಿಟ್ಟೆ. ಆ ತೆನೆಯಲ್ಲೂ ಕಾಡಿಗೆ ಇದ್ದೀತೆಂದು ಹೊಳೆಯಲೇ ಇಲ್ಲ.

ಎರಡೂ ಕಡೆ ತೆನೆ ಕಪ್ಪಾಯಿತು. ದುರ್ಗದಲ್ಲಿ ನಮ್ಮೂರಿನವರೇ ನಕ್ಕರು. "ಏನಮ್ಮಾ, ಔಷಧಿ ಕುಡ್ದು ಕಾಡಿಗೆ ಇನ್ನೂ ಕೊಬ್ಬೈತಲ್ಲ!"

ತಂಗಿ ಎರಡು ಕಟ್ಟನ್ನೂ ಬಿಚ್ಚಿ ಮೇಜಿನ ಮೇಲಿಟ್ಟಳು. ಒಳ್ಳೆಯದನ್ನು ಆರಿಸಿ ತಂದಿರಲಿಲ್ಲ. "ಬಂದಿದ್ದು ಹಿಂಗೆ ಸ್ವಾಮಿ. ಇನ್ನೊಂದ್ಸಲ ಔಷಧಿ ಕೊಡ್ರಿ."

ಬೀಜಕ್ಕೆ ಬೇರೇನಾದರೂ ಬೆರೆಯಿತೇ ಎಂದು ಅಧಿಕಾರಿ ಕೇಳಿದರು.

"ನಾನಂತೂ ಬೆರೆಸಿಲ್ಲ."

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಜನ ನಗುತ್ತಿದ್ದದ್ದು ಅವಳನ್ನು ನೋಡಿ.

ಮರುವರ್ಷ ಬಿತ್ತುವ ಬೆಳಿಗ್ಗೆ ಅವಳು ಔಷಧಿ ಬೀಜದ ಪುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡವಳು ಹೊಲ ಮುಟ್ಟುವವರೆಗೂ ಇಳಿಸಲಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ; ಮನೆಯಲ್ಲಿ ತೆನೆ ಉಜ್ಜುವವನು ನಾನೊಬ್ಬನೇ ಎಂದು ಅವಳಿಗೆ ಗೊತ್ತಿತ್ತು. ಆ ಸಲ ಔಷಧಿ ಬೀಜದ ಅರ್ಧ ಹೊಲದಲ್ಲಿ ಹುಡುಕಿದರೂ ಕಾಡಿಗೆ ಸಿಗಲಿಲ್ಲ. ಪ್ರದರ್ಶನದಲ್ಲಿ ಹಿರಿಯೂರು, ಹೊಸದುರ್ಗದ ರೈತರು ಅವಳನ್ನು ಸುತ್ತುಗಟ್ಟಿದರು. ಹೋದ ವರ್ಷ ನಕ್ಕವರೂ ಅಲ್ಲಿದ್ದರು, "ನಮ್ಮೂರ ಹೆಣ್ಣುಮಗಳು ಕಣ್ರಿ," ಎನ್ನುತ್ತ.

"ಹೋದ ವರ್ಷ ಯಾಕೆ ಕೆಡ್ತವ್ವಾ?" ಎಂದು ಒಬ್ಬರು ಕೇಳಿದರು.

"ಹಳೇ ತೆನೆ ಉಜ್ಜಿದ್ದಕ್ಕೆ. ದೇವರ ಮುಂದೆ ಕಟ್ಟಿದ್ರೂ ರೋಗದ ತೆನೆ ರೋಗದ ತೆನೇನೇ."

"ಯಾರು ಉಜ್ಜಿದ್ದು?"

"ಅದು ಮನೆ ರೂಢಿ," ಎಂದು ತಂಗಿ ಮುಂದಿನವರತ್ತ ತಿರುಗಿದಳು.

ಈಗ ಸುತ್ತಿನ ಊರವರು ಬೀಜ ನೆನೆಸುವ ಬಗೆ ಕೇಳಲು ನಮ್ಮ ಮನೆಗೇ ಬರುತ್ತಾರೆ. ಅಳತೆ ಅವಳು ಹೇಳುತ್ತಾಳೆ. ಬಂದವರನ್ನು ಬೇಲಿಯವರೆಗೆ ಕಳಿಸುವಾಗ, ಅಂದು ತೆನೆ ಉಜ್ಜಿದವನು ನಾನೇ ಎಂದು ಹೇಳುತ್ತೇನೆ. ಅವಳ ಎದುರು ಇನ್ನೂ ಹೇಳಿಲ್ಲ.