ಸೀರೆ ಇಳಿಯಲಿ, ಆಮೇಲೆ

ಇಳಕಲ್ಲಿನ ನೇಕಾರ ಹುಲ್ಲಪ್ಪ ಮನೆಯ ಮಾಡಿನ ತಗಡು ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲು ಹೇರುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ. ರೋಹಿಣಿ ಮಳೆ ಹತ್ತಿರ ಬಂತೆಂದರೆ ಏಣಿ ಹಾಕಿ ಇನ್ನಷ್ಟು ಕಲ್ಲು ಇಟ್ಟು, ಗಾಳಿಯ ಸೊಕ್ಕು ಮುರಿದವನಂತೆ ಕೈ ಝಾಡಿಸಿಕೊಂಡು ಇಳಿಯುತ್ತಿದ್ದ. ಓಣಿಯವರೆಲ್ಲ ಮಾಡುವುದೂ ಅದನ್ನೇ.

ಹೆಂಡತಿ ಸಕ್ರವ್ವನಿಗೆ ಆ ಕಲ್ಲುಗಳ ಕೆಳಗೆ ನಿದ್ದೆ ಹತ್ತುತ್ತಿರಲಿಲ್ಲ.

"ಪತ್ರಾಸ ಹಾರಿದ್ರ ಕಲ್ಲು ನಮ್ಮ ತಲಿ ಮ್ಯಾಲನ ಬೀಳ್ತಾವರಿ. ಅವನ್ನ ಇಳಿಸಿ ಬೋಲ್ಟ ಹಾಕಸ್ರಿ."

"ತೂತು ಹೊಡದ್ರ ತುಕ್ಕಿನ ಪುಡಿ ರೇಷ್ಮಿ ಮ್ಯಾಲ ಉದರ್ತೈತಿ. ಈ ಸೀರಿ ಮಗ್ಗದಿಂದ ಇಳೀಲಿ, ತಡಿ."

ದುಡಿಯುವ ನೇಕಾರನ ಮಗ್ಗ ಬರಿದಾಗುವುದುಂಟೇ? ಒಂದು ಸೀರೆ ಇಳಿಯುವಷ್ಟರಲ್ಲಿ ಮುಂದಿನದರ ತಯಾರಿ ನಡೆದಿರುತ್ತಿತ್ತು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕುವ ಕೆಲಸ ಸಕ್ರವ್ವನದು. ಆ ಓಣಿಯಲ್ಲಿ ಅವಳ ಬೆರಳುಗಳಿಗೆ ಸಾಟಿಯಿರಲಿಲ್ಲ.

ಹೋದ ವರ್ಷ ಒಂದು ಸಂಜೆ ಸುಂಟರಗಾಳಿ ಎದ್ದಿತು. ನೇಯುತ್ತ ಕೂತಿದ್ದ ಹುಲ್ಲಪ್ಪ, ತಗಡು ಧಡಧಡ ಬಡಿದುಕೊಳ್ಳುತ್ತಲೇ ಕಾಲು ಇಳಿಬಿಟ್ಟಿದ್ದ ಮಗ್ಗದ ಕುಣಿಯೊಳಗೆ ಪೂರಾ ಇಳಿದು ಕುಕ್ಕರಿಸಿದ. ಇಕ್ಕಟ್ಟಾದರೂ ಅಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಅವನ ಬಾಯಿಂದ ಬಂದದ್ದು ಮಾತ್ರ ಬೇರೆ ಮಾತು.

"ಏ, ಹಾಸು ಮುಚ್ಚ! ಎಳಿ ಮ್ಯಾಲ ಮಣ್ಣು ಬೀಳಾಕ್ಹತ್ತೈತಿ!"

ಸಕ್ರವ್ವ ಕೌದಿ ಹಿಡಿದು ಓಡಿ ಬಂದು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಹರಡಿದಳು. ಅಷ್ಟರಲ್ಲಿ ತಗಡು ಕಿತ್ತುಹೋಯಿತು. ಅವನೇ ಹೊತ್ತು ಇಟ್ಟಿದ್ದ ಕಲ್ಲು ಅವಳ ಬಲಗೈ ಮೇಲೆ ಬಿತ್ತು. ನೆಲಕ್ಕೆ ಕುಸಿದವಳು ಕೇಳಿದ್ದು ಒಂದೇ:

"ಸೀರಿಗೇನೂ ಆಗ್ಲಿಲ್ಲಲ್ರಿ?"

ಏನೂ ಆಗಿರಲಿಲ್ಲ. ಆ ಸೀರೆ ಮಾರಾಟವಾಯಿತು, ಯಾರೋ ಉಟ್ಟರು. ದವಾಖಾನೆಯಲ್ಲಿ ಮೂಳೆ ಕೂಡಿಸಿದರು, ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ.

ಈಗ ತಗಡಿಗೆ ಬೋಲ್ಟು ಬಿದ್ದಿವೆ, ಮೇಲೆ ಒಂದು ಕಲ್ಲೂ ಇಲ್ಲ. ಅರ್ಧ ದಿನದ ಕೆಲಸ. ಮಗ್ಗಕ್ಕೆ ಒಂದು ಹಳೆಯ ಧೋತರ ಹೊದಿಸಿದ್ದಕ್ಕೆ ತುಕ್ಕಿನ ಪುಡಿ ಎಳೆಗಳನ್ನು ಮುಟ್ಟಲೇ ಇಲ್ಲ. ಇಷ್ಟಕ್ಕಾಗಿಯೇ ವರ್ಷಗಟ್ಟಲೆ ಮುಂದೂಡಿದೆನಲ್ಲ ಎಂದು ಹುಲ್ಲಪ್ಪ ಆ ದಿನ ಏಣಿಯ ಮೇಲೇ ಅತ್ತುಬಿಟ್ಟ. ಆಮೇಲೆ ಓಣಿಯಲ್ಲಿ ಮನೆಮನೆಗೆ ಹೋಗಿ ಕಲ್ಲು ಇಳಿಸಿರೆಂದು ಅಂಗಲಾಚಿದ. "ಈ ಸೀರಿ ಇಳೀಲಿ ತಡಿಯೋ ಮಾರಾಯಾ" ಎಂದು ಅವರೂ ಅಂದರು.

ಮೊನ್ನೆ ಮತ್ತೆ ಗಾಳಿ ಎದ್ದಾಗ ಅವನು ಕುಣಿಯಿಂದ ಹಾರಿ ಮೇಲೆ ಬಂದು, "ಸಕ್ರಾ, ಮೊದಲ ನೀ ಒಳಗ ಇಳಿ!" ಎಂದು ಕೂಗಿದ.

ಅವಳು ಆಗಲೇ ಎಡಗೈಯಲ್ಲಿ ಕೌದಿ ಎಳೆದುಕೊಂಡು ಮಗ್ಗದ ಹತ್ತಿರ ಬಂದಿದ್ದಳು.

"ತಡೀರಿ, ಹಾಸು ಮುಚ್ಚತೇನಿ."