ಕ್ಯಾಪ್ಟನ್ನರ ಕಿಟಕಿಗಳು
ನಮ್ಮ ಬಂದರಿನಲ್ಲಿ ಎಲ್ಲರೂ 'ಕ್ಯಾಪ್ಟನ್' ಅಂತ ಕರೆಯುವ ಒಬ್ಬ ಮಹಾಶಯರಿದ್ದಾರೆ. ಅವರು ತಮ್ಮ ಬೋಟು ನೀರಿಗಿಳಿಸಿದ್ದಕ್ಕಿಂತ ಅದರ ಅಲ್ಯೂಮಿನಿಯಂ ಕಿಟಕಿಗಳಿಗೆ ಬಣ್ಣ ಬಳಿದದ್ದೇ ಹೆಚ್ಚು. ಉಪ್ಪುಗಾಳಿಗೆ ಚೌಕಟ್ಟು ಗುಳ್ಳೆಯೆದ್ದು ಬಿಳಿ ಪುಡಿ ಉದುರುತ್ತಿದ್ದರೂ ಸ್ಯಾಂಡ್‌ಪೇಪರ್ ಮುಟ್ಟುವ ಆಸಾಮಿಯಲ್ಲ. ಗುಳ್ಳೆಯ ಮೇಲೇ ಬಣ್ಣ, ಆ ಬಣ್ಣದ ಮೇಲೆ ಮತ್ತೆ ಬಣ್ಣ. ಈಗ ಒಂದು ಕಿಟಕಿಯೂ ತೆರೆಯುವುದಿಲ್ಲ. "ಮೊದಲು ಕೆರೆದು ಪ್ರೈಮರ್ ಹಾಕಿ ಸಾರ್" ಅಂದರೆ, ನಮಗೇ ಬುದ್ಧಿ ಕಡಿಮೆ ಅನ್ನುವ ಹಾಗೆ ನಗುತ್ತಾರೆ: "ಕೆರೆದರೆ ತಾನೇ ತೂತು ಕಾಣೋದು?" ಬೆವರು ಸುರಿಯುವ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಬೇರೆ, ಶೋಕಿ ಅಂದುಕೊಂಡಿದ್ದೆ. ನಿನ್ನೆ ಊಟ ತಂದ ಅವರ ಹೆಂಡತಿ, "ರೀ, ಆ ಗಂಟನ್ನ ಇವತ್ತಾದರೂ ಡಾಕ್ಟರಿಗೆ ತೋರಿಸೋಣ ಬನ್ನಿ" ಅಂತ ಕೈಹಿಡಿದು ಎಳೆದರು. ಕ್ಯಾಪ್ಟನ್ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡು, ಬ್ರಷ್ಷನ್ನು ಡಬ್ಬಿಗೆ ಅದ್ದಿ, "ಇರೇ, ಈ ಕೋಟ್ ಒಣಗಲಿ" ಎಂದರು.